ಕುಂಚಿಗೆ ತೊಟ್ಟ ಕಲ್ಲು ಸ್ಪೇನಿಗೆ ಹೋದದ್ದು

ಸಾಮಾನು ತಪಾಸಣೆ

ಮ್ಯಾಡ್ರಿಡ್ ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ನನ್ನ ಚೀಲಕ್ಕೆ ಕೈಹಾಕಿ, ಕುಂಚಿಗೆ ತೊಟ್ಟ ಕೂಸಿನ ತಲೆಯೊಂದನ್ನು ಹೊರಗೆ ತೆಗೆದ. ತೆಗೆದವನ ಮುಖ ಸುಣ್ಣ ಬಳಿದಂತಾಯಿತು.

ತಪ್ಪು ಅವನದಲ್ಲ. ಕೆಂಪು ಖಣದ ಕುಂಚಿಗೆ, ಗದ್ದದ ಕೆಳಗೆ ಕಟ್ಟಿದ ಲಾಡಿ, ಹಣೆಯ ಮೇಲೆ ಇಳಿದ ಜರಿಯಂಚು. ನೋಡಿದವರಿಗೆ ಮುಖ ಒಳಗೆಲ್ಲೋ ಇದೆ ಅನ್ನಿಸುತ್ತದೆ. ಅವನು ಎರಡೇ ಬೆರಳಲ್ಲಿ ಲಾಡಿ ಸಡಿಲಿಸಿದ. ಒಳಗೆ ತೆಂಗಿನಕಾಯಿಯ ಗಾತ್ರದ ಕರಿಯ ಗುಂಡುಕಲ್ಲು.

"ಇದೇನು?" ಎಂದ.

"ಕಲ್ಲು" ಎಂದೆ.

"ಕಲ್ಲಿಗೆ ಕುಲಾಯಿ ಯಾಕೆ?"

ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಮೊದಲು ಕಲ್ಲನ್ನು ಸಿಂಗರಿಸಿ ಮಲಗಿಸುತ್ತಾರೆ. ಬೀಳುವ ಕೆಟ್ಟ ಕಣ್ಣೆಲ್ಲ ಅದರ ಮೇಲೆ ಬೀಳಲಿ ಎಂದು. ಆಮೇಲೆ ಅದನ್ನು ತೊಟ್ಟಿಲಿನ ಕೆಳಗಿಂದ ಕೈಯಿಂದ ಕೈಗೆ ದಾಟಿಸಿ, ಆದಮೇಲೆಯೇ ಕೂಸು. ಖಾಲಿ ತೊಟ್ಟಿಲು ಯಾರೂ ತೂಗುವುದಿಲ್ಲ. ನಮ್ಮ ಮನೆತನದಲ್ಲಂತೂ ತೊಟ್ಟಿಲು ಖಾಲಿಯಾಗಿ ಹೊಸ್ತಿಲು ದಾಟುವುದೇ ಇಲ್ಲ. ಕೊಳ್ಳುವವರ ಊರು ಮುಟ್ಟುವವರೆಗೆ ಒಂದು ಕಲ್ಲು ಅದರ ಜೊತೆಗಿರಬೇಕು. ಇಷ್ಟನ್ನು ನನ್ನ ಇಂಗ್ಲಿಷಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನವರೆಲ್ಲ ಕುತ್ತಿಗೆ ಉದ್ದ ಮಾಡಿದ್ದರು.

ತಪಾಸಣೆಯವನು ಏನು ತಿಳಿದುಕೊಂಡನೋ. ಕಲ್ಲನ್ನು ಮತ್ತೆ ಕುಂಚಿಗೆಯೊಳಗೆ ಇಟ್ಟು, ಲಾಡಿಯನ್ನು ಮೊದಲಿನಂತೆಯೇ ಗಂಟು ಹಾಕಿದ. ಚೀಲಕ್ಕೆ ಇಳಿಸುವಾಗ ಅವನ ಅಂಗೈ ಕಲ್ಲಿನ ಹಿಂದಕ್ಕೆ ಆನಿಕೆಯಾಗಿತ್ತು, ಎಳೆಗೂಸಿನ ಕತ್ತಿಗೆ ಕೊಡುವ ಹಾಗೆ. ಆಮೇಲೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ನನಗೆ ಯಾಕೋ ಅದು ಹಿಡಿಸಲಿಲ್ಲ.

ನನ್ನ ಹೆಸರು ಶಾಂತಾ. ಅಣ್ಣಿಗೇರಿಯ ಶಾಲೆಯಲ್ಲಿ ಚಿತ್ರ ಕಲಿಸಿ ನಿವೃತ್ತಳಾದವಳು. ತವರು ಕಲಘಟಗಿ, ತೊಟ್ಟಿಲಿಗೆ ಬಣ್ಣ ಬರೆಯುವ ಮನೆ. ಈಗ ಆ ಕೆಲಸ ತಮ್ಮ ಈರಣ್ಣನದು. ನಾನು ಹೋದಾಗಲೆಲ್ಲ ಕುಂಚ ಹಿಡಿದು ಅವನ ತಪ್ಪು ತೆಗೆಯುತ್ತೇನೆ. ಸ್ಪೇನಿನ ಸಣ್ಣ ಊರೊಂದರ ವಸ್ತುಸಂಗ್ರಹಾಲಯದವರು ಕೂಸುಗಳಿಗೆ ಸಂಬಂಧಿಸಿದ ಹಳೆಯ ಪದ್ಧತಿಗಳ ಪ್ರದರ್ಶನ ಮಾಡುತ್ತಿದ್ದರು. ನಮ್ಮದೊಂದು ತೊಟ್ಟಿಲು ಬೇಕೆಂದು ಕರೆದಿದ್ದರು. ಅರ್ಧ ಅಳತೆಯ ತೊಟ್ಟಿಲನ್ನು ಬಿಚ್ಚಿ ಪೆಟ್ಟಿಗೆಯಲ್ಲಿ ಕಟ್ಟಿದೆವು. ಕಲ್ಲಿಗೆ ತೊಡಿಸಲು ಹಳೆ ಅರಿವೆ ಹುಡುಕುತ್ತಿದ್ದಾಗ, ಈರಣ್ಣನ ಮಗಳು ಗಂಗಾ ಬಾಣಂತಿ ಖೋಲಿಯಿಂದಲೇ ಕೈ ಚಾಚಿ, "ಇದನ್ನ ಹಾಕ್ರಿ ಅತ್ತಿ" ಎಂದು ಈ ಕುಂಚಿಗೆ ಕೊಟ್ಟಳು. ಹೊಸದರಂತೆಯೇ ಇತ್ತು. ಬಸ್ಸಿಗೆ ಹೊತ್ತಾಗಿತ್ತು, ಯಾರದೆಂದು ನಾನು ಕೇಳಲಿಲ್ಲ.

ಮುಚ್ಚಿದ ಕಿಟಕಿಗಳ ಊರು

ಊರಿನ ಹೆಸರು ಕೊನೆಯವರೆಗೂ ನನ್ನ ನಾಲಿಗೆಗೆ ಒಗ್ಗಲಿಲ್ಲ. ಪೂರ್ವದ ಕಡಲಿನಿಂದ ಒಳಗೆ, ಬೋಳು ಗುಡ್ಡದ ಮೇಲೆ, ಒಂದರ ಹೆಗಲ ಮೇಲೊಂದು ಕೂತ ಬಿಳಿಯ ಮನೆಗಳು. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲ ಕಿಟಕಿಗಳೂ ಮುಚ್ಚುತ್ತವೆ. ನಮ್ಮಲ್ಲಿ ಬಿಸಿಲೆಂದು ಬಾಗಿಲು ಓರೆ ಮಾಡುವುದುಂಟು. ಇಲ್ಲಿ ಊರಿಗೆ ಊರೇ ಕಣ್ಣು ಮುಚ್ಚುತ್ತದೆ. ಓಣಿಯಲ್ಲಿ ನಾನೊಬ್ಬಳೇ ನಡೆಯುತ್ತಿದ್ದರೆ ಒಳಗೆ ಚಮಚ ತಟ್ಟೆಗೆ ತಾಗುವ ಸದ್ದು ಕೇಳುತ್ತಿತ್ತು. ನಾನು ದಾಟುವಾಗ ಆ ಸದ್ದು ನಿಲ್ಲುತ್ತಿತ್ತು. ದಾಟಿದ ಮೇಲೆ ಮತ್ತೆ ಶುರು.

ನನ್ನನ್ನು ಕರೆಸಿದವಳು ಪಿಲಾರ್. ವಸ್ತುಸಂಗ್ರಹಾಲಯ ನೋಡಿಕೊಳ್ಳುವವಳು, ಹೆಚ್ಚುಕಡಿಮೆ ನನ್ನದೇ ವಯಸ್ಸು, ಕುಳ್ಳಿ, ಮಾತಿಗೊಮ್ಮೆ ಸಿಗರೇಟು. ಕಂಡ ಕೂಡಲೇ ಎರಡೂ ಕೆನ್ನೆಗೆ ಮುತ್ತಿಟ್ಟಳು. ಅಷ್ಟು ವರ್ಷ ಮಾಸ್ತರಿಣಿಯಾಗಿದ್ದ ನನಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಅವಳ ಇಂಗ್ಲಿಷೂ ಕುಂಟು, ನನ್ನದೂ ಕುಂಟು. ಆದ್ದರಿಂದ ಇಬ್ಬರೂ ಒಂದೇ ವೇಗದಲ್ಲಿ ನಡೆದೆವು. ಅವಳ ಮನೆಯಲ್ಲೇ ಇಳಿದುಕೊಂಡೆ. ಮೊದಲ ಊಟಕ್ಕೆ ಖಾರವೇ ಇಲ್ಲದ ಕಡಲೆಕಾಳಿನ ಸಾರು ಬಂತು. ನಾನು ಶೇಂಗಾ ಚಟ್ನಿಯ ಡಬ್ಬಿ ಬಿಚ್ಚಿದೆ. ಪಿಲಾರ್ ಒಂದು ಚಿಟಿಕೆ ನೆಕ್ಕಿ ಕಣ್ಣೀರು ಸುರಿಸಿ, ಮತ್ತೆ ತಟ್ಟೆ ಮುಂದೆ ಮಾಡಿದಳು. ಗೆಳೆತನ ಅಲ್ಲಿಗೆ ಕುದುರಿತು.

ಒಂದು ಚಿತ್ರದ ಮಾತನ್ನು ಇಲ್ಲೇ ಹೇಳಿಬಿಡಬೇಕು. ಕಳೆದ ದೀಪಾವಳಿಯ ಹೊತ್ತಿಗೆ, ಪತ್ರವ್ಯವಹಾರ ಶುರುವಾದಾಗ, ಪಿಲಾರ್ ತನ್ನಲ್ಲಿರುವ ಚಿತ್ರಗಳ ಫೋಟೋಗಳನ್ನು ನನ್ನ ಫೋನಿಗೆ ಕಳಿಸಿದ್ದಳು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಸೀಮೆಯ ಚಿತ್ರಕಾರರಿಗೆ ಚರ್ಚಿನ ಪೂಜೆ, ಮೆರವಣಿಗೆ, ಊರ ಶಾಸ್ತ್ರಗಳನ್ನು ಬರೆಯುವ ಹುಚ್ಚಿತ್ತಂತೆ. ಅವುಗಳಲ್ಲಿ ಒಂದು ನನ್ನನ್ನು ಹಿಡಿದು ನಿಲ್ಲಿಸಿತು. ಹಳ್ಳಿಮನೆಯ ನಡುಮನೆ. ಮೇಜಿನ ಮೇಲೆ ಬಿಳಿ ಅಂಗಿ ತೊಟ್ಟ ಕೂಸು, ತಲೆಗೆ ಹೂವಿನ ಸಿಂಬಿ, ಸುತ್ತ ದೀಪ. ಒಬ್ಬ ಗಿಟಾರು ಬಾರಿಸುತ್ತಿದ್ದಾನೆ, ಹುಡುಗಿಯೊಬ್ಬಳು ಕೈ ಎತ್ತಿ ಕುಣಿಯುತ್ತಿದ್ದಾಳೆ, ಹೆಂಗಸರು ಸಿಹಿ ಹಂಚುತ್ತಿದ್ದಾರೆ. ಎಡಗಡೆಯ ಮೂಲೆ ಮಾತ್ರ ಮಸಿ ಹಿಡಿದು ಕಪ್ಪಾಗಿತ್ತು. ಹಳೆ ಕಾಲದಲ್ಲಿ ತಮ್ಮ ಹಳ್ಳಿಗಳಲ್ಲಿ ಕೂಸುಗಳಿಗೆ ಮಾಡುತ್ತಿದ್ದ ಶಾಸ್ತ್ರ ಎಂದು ಪಿಲಾರ್ ಬರೆದಿದ್ದಳು. ನನಗೆ ಬೇರೆ ವಿವರಣೆ ಬೇಕೆನಿಸಲಿಲ್ಲ. ತೊಟ್ಟಿಲ ಮನೆಯಲ್ಲಿ ಹುಟ್ಟಿದವಳಿಗೆ ತೊಟ್ಟಿಲಿಗೆ ಹಾಕುವ ದಿನ ಗೊತ್ತಾಗುವುದಿಲ್ಲವೇ?

ಆಗ ಗಂಗಾಳಿಗೆ ನಾಲ್ಕು ತಿಂಗಳು ತುಂಬುತ್ತಿತ್ತು. ಇದು ಎರಡನೆಯ ಬಸಿರು. ಮೊದಲನೆಯದು, ಗಂಡುಕೂಸು, ಹೆಸರಿಡುವ ಮೊದಲೇ ತೀರಿಹೋಗಿತ್ತು. ಗಂಡಸರು ಅದನ್ನು ಒಯ್ದು ಹೊಲದ ಬದುವಿನಲ್ಲಿ ಮಣ್ಣು ಮಾಡಿ, ಕೈಕಾಲು ತೊಳೆದುಕೊಂಡು ಒಳಗೆ ಬಂದರು. "ಅಳಬ್ಯಾಡವಾ, ಇನ್ನೊಂದ ಆಕ್ಕೇತಿ" ಎಂದರು ಎಲ್ಲರೂ. ನಾನೂ ಅಂದೆ. ಆಮೇಲೆ ಅದರ ಸುದ್ದಿ ಯಾರೂ ತೆಗೆಯಲಿಲ್ಲ. ಅದಕ್ಕೇ ಈ ಸಲದ ತೊಟ್ಟಿಲು ಸೋದರತ್ತೆಯ ಕೈಯಿಂದಲೇ ಆಗಬೇಕೆಂದು ನನ್ನ ಹಟ. ಮೂರು ಕಡೆಗೆ ಬಾಲಕೃಷ್ಣನ ಆಟಗಳನ್ನು ಬರೆದೆ. ತಲೆಯ ಕಡೆಯ ಹಲಗೆಗೆ ಹೊಸದೇನಾದರೂ ಬೇಕಿತ್ತು. ಸ್ಪೇನಿನ ಚಿತ್ರವನ್ನು ಎತ್ತಿ ನಮ್ಮದು ಮಾಡಿಕೊಂಡೆ: ಹೆಂಗಸರಿಗೆ ಇಳಕಲ್ಲ ಸೀರೆ ಉಡಿಸಿದೆ, ಗಿಟಾರಿನವನ ತಲೆಗೆ ಪಟಗ ಸುತ್ತಿದೆ, ಕೂಸನ್ನು ಹಾಗೆಯೇ ಇಟ್ಟೆ. ಕಪ್ಪಾಗಿದ್ದ ಎಡಮೂಲೆ ಖಾಲಿ ಬಿಟ್ಟರೆ ಚಿತ್ರ ಒಂದು ಕಡೆಗೆ ವಾಲುತ್ತದೆ. ಅಲ್ಲೊಬ್ಬ ಹೆಂಗಸನ್ನು ಕೂರಿಸಿದೆ. ಹಸಿರು ಸೀರೆ, ತಲೆ ಮೇಲೆ ಸೆರಗು, ಮಡಿಲಲ್ಲಿ ಮೇಲ್ಮುಖವಾಗಿ ಬಿಚ್ಚಿದ ಎರಡು ಅಂಗೈ. ಕುಂಚ ತಾನಾಗಿ ಹಾಗೆ ಹೋಯಿತು.

ಕೂಸುಗಳ ಕಣ್ಣು ಮಾತ್ರ ಬರೆಯಲಿಲ್ಲ. ನಮ್ಮಲ್ಲಿ ಅದು ಕೊನೆಯ ಕೆಲಸ, ತೊಟ್ಟಿಲಿಗೆ ಹಾಕುವ ದಿನ ಮುಂಜಾನೆ ಮನೆಯ ಹಿರಿಗೈ ಬರೆಯಬೇಕು. ಕಣ್ಣು ಬರೆದ ಮೇಲೆ ಆ ಆಕೃತಿಯನ್ನು ಅಳಿಸುವುದಿಲ್ಲ, ಎಂಥ ತಪ್ಪಿದ್ದರೂ ಇಲ್ಲ. ಗಂಗಾ ಗಂಡುಮಗುವನ್ನು ಹೆತ್ತದ್ದು ನನ್ನ ಪ್ರಯಾಣ ಗಟ್ಟಿಯಾದ ಮೇಲೆ. ತೊಟ್ಟಿಲಿಗೆ ಹಾಕಲು ಹಿರಿಯರು ಹಿಡಿದ ದಿನ ನಾನು ಸ್ಪೇನಿನಲ್ಲಿರುವಾಗಲೇ ಬಿತ್ತು. ಕಣ್ಣು ಬರೆಯುವ ಕೆಲಸ ಈರಣ್ಣನಿಗೆ ಬಿಟ್ಟು ಬಂದಿದ್ದೆ.

ಕೊಪ್ಪೆ ಹಾಕಿದವರು

ಅದು ಅವರ ಪವಿತ್ರ ವಾರ, ಏಸುವನ್ನು ಶಿಲುಬೆಗೇರಿಸಿದ ದಿನಗಳ ನೆನಪು. ಸಂಜೆ ಬೆಳಕು ಇಳಿಯುವ ಹೊತ್ತಿಗೆ ಪಿಲಾರ್ ನನ್ನನ್ನು ಚರ್ಚಿನ ಎದುರಿನ ಮೆಟ್ಟಿಲ ಮೇಲೆ ನಿಲ್ಲಿಸಿ, ತಾನು ಸಿಗರೇಟು ತರಲು ಹೋದಳು. ಕಲ್ಲು ನನ್ನ ಹೆಗಲ ಚೀಲದಲ್ಲಿತ್ತು. ತೊಟ್ಟಿಲನ್ನು ಇನ್ನೂ ಜೋಡಿಸಿರಲಿಲ್ಲ. ಅದನ್ನು ಪರರ ಮನೆಯಲ್ಲಿ ಒಂಟಿಯಾಗಿ ಬಿಟ್ಟು ಬರಲು ಮನಸ್ಸಾಗಿರಲಿಲ್ಲ.

ಮೊದಲು ಡೋಲಿನ ಸದ್ದು, ನಿಧಾನ. ಆಮೇಲೆ ಅವರು ಬಂದರು. ಕಾಲ ತುದಿಯವರೆಗೆ ನಿಲುವಂಗಿ, ತಲೆಗೆ ಮೇಲಕ್ಕೆ ಚೂಪಾಗಿ ಏರಿದ ಕುಲಾಯಿ, ಅದರಿಂದ ಮುಖದ ಮೇಲಿಳಿದ ಬಟ್ಟೆಯಲ್ಲಿ ಎರಡು ತೂತು. ಬಾಯಿಲ್ಲ, ಮೂಗಿಲ್ಲ. ಬರಿಗಾಲು, ಕೈಯಲ್ಲಿ ಉರಿಯುವ ಮೇಣದಬತ್ತಿ. ಪ್ರಾಯಶ್ಚಿತ್ತ ಮಾಡಿಕೊಳ್ಳುವವರ ಗುರುತು ಸಿಗಬಾರದೆಂದು ಈ ವೇಷ. ಮಳೆಗಾಲದಲ್ಲಿ ನಮ್ಮ ಭತ್ತದ ಗದ್ದೆಗಳಲ್ಲಿ ಕಂಬಳಿಕೊಪ್ಪೆ ಹಾಕಿ ಬಗ್ಗಿದವರು ದೂರಕ್ಕೆ ಹೀಗೇ ಕಾಣುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಗದ್ದೆಯಲ್ಲಿರುವವರು ಕೂಗಿದರೆ ಓಗೊಡುತ್ತಾರೆ.

ಅವರ ಹಿಂದೆ ಮೇರಿಯಮ್ಮನ ಮೂರ್ತಿ. ಕರಿ ಮಕಮಲ್ಲಿನ ಉಡುಪು, ಕೆನ್ನೆಯ ಮೇಲೆ ಗಾಜಿನ ಕಣ್ಣೀರು. ಹೊತ್ತವರು ಪೀಠದ ಕೆಳಗಿನ ಪರದೆಯೊಳಗಿದ್ದುದರಿಂದ ಅವರ ಹೆಜ್ಜೆಗಳಷ್ಟೇ ಕಾಣುತ್ತಿದ್ದವು. ಮೊಹರಮ್ಮಿನಲ್ಲಿ ನಮ್ಮ ಊರುಗಳ ದೇವರನ್ನು ಹಿಡಿದವರೂ ಬರಿಗಾಲಲ್ಲೇ ಓಡುತ್ತಾರೆ, ಜನ ಬೋರ್ಗರೆಯುತ್ತಾರೆ, ಒಬ್ಬರ ಮೈ ಮೇಲೊಬ್ಬರು ಬೀಳುತ್ತಾರೆ. ಇಲ್ಲಿ ಅಷ್ಟು ಜನ ಇದ್ದೂ ಉಸಿರಿನ ಸದ್ದಿಲ್ಲ. ಧೂಪದ ಹೊಗೆ ಮೂಗಿಗೆ ಬಡಿದಾಗ ನಾನು ಬೆಚ್ಚಿದೆ. ಅಗದಿ ನಮ್ಮ ಲೋಬಾನದ ವಾಸನೆ. ಆ ವಾಸನೆ ನನಗೆ ಯಾವತ್ತೂ ಎರೆದು ಮಲಗಿಸಿದ ಕೂಸಿನದು.

ಸಾಲಿನಿಂದ ಒಬ್ಬ ಕೊಪ್ಪೆಯವನು ಹೊರಬಂದು ನನ್ನ ಎದುರಿಗೆ ನಿಂತ. ತೂತುಗಳ ಹಿಂದೆ ಕಣ್ಣು ಇದ್ದವು, ಆದರೆ ಅವು ನನ್ನ ಮುಖ ನೋಡುತ್ತಿರಲಿಲ್ಲ. ನಿಲುವಂಗಿಯ ಹೊಟ್ಟೆಯೊಳಗೆ ಕೈಹಾಕಿ, ಕಾಗದ ಸುತ್ತಿದ ಒಂದು ಪೆಪ್ಪರಮೆಂಟು ತೆಗೆದು ನನ್ನ ಅಂಗೈಯಲ್ಲಿಟ್ಟ. ಮತ್ತೆ ಕೈಹಾಕಿ ಇನ್ನೊಂದು ತೆಗೆದ. ಅದನ್ನು ಕೊಡುವಾಗ ಬೆರಳು ಮಾಡಿ ನನ್ನ ಚೀಲ ತೋರಿಸಿದ. ಚೀಲದ ಬಾಯಿಂದ ಕುಂಚಿಗೆಯ ಜರಿಯಂಚು ಇಣುಕುತ್ತಿತ್ತು.

ಪಿಲಾರ್ ಬಂದಮೇಲೆ ಹೇಳಿದೆ. ನಕ್ಕಳು. ಮೆರವಣಿಗೆಯವರು ಸಿಹಿ ಹಂಚುವುದು ಆ ಕಡೆಯ ರೂಢಿಯಂತೆ, ಮಕ್ಕಳಿದ್ದವರಿಗೆ ಮಕ್ಕಳ ಪಾಲೂ ಕೊಡುತ್ತಾರಂತೆ. ನಾನು ನನ್ನ ಪಾಲು ತಿಂದೆ. ಇನ್ನೊಂದನ್ನು ತಿನ್ನಲು ಮನಸ್ಸು ಬಾರದೆ ಕುಂಚಿಗೆಯ ಮಡಿಕೆಯಲ್ಲಿ ಸಿಕ್ಕಿಸಿದೆ.

ಕೊನೆಯ ಕೋಣೆ

ಮರುದಿನ ಸಂಗ್ರಹಾಲಯದಲ್ಲಿ ತೊಟ್ಟಿಲು ಕೂಡಿಸಿ, ಕಲ್ಲನ್ನು ಮಲಗಿಸಿ, ಕೆಲಸದವರ ಕೈಗೆ ಒಪ್ಪಿಸಿದೆ. ಅದನ್ನಿಡುವ ಕೊನೆಯ ಕೋಣೆಗೆ ದೀಪ ಕಟ್ಟುತ್ತಿದ್ದರು. ಅಲ್ಲಿಯವರೆಗೆ ಉಳಿದದ್ದನ್ನು ನೋಡೋಣವೆಂದು ಪಿಲಾರ್ ನನ್ನನ್ನು ಒಂದೊಂದೇ ಚಿತ್ರದ ಮುಂದೆ ನಿಲ್ಲಿಸಿದಳು.

ಒಂದರಲ್ಲಿ ಮಳೆ. ಸಾಯುತ್ತಿರುವ ಯಾರಿಗೋ ಕೊನೆಯ ಪ್ರಸಾದ ಒಯ್ಯುತ್ತಿರುವ ಪಾದ್ರಿ, ಮುಂದೆ ಗಂಟೆ ಹಿಡಿದವನು, ಇಬ್ಬದಿಯಲ್ಲಿ ಕೆಸರಿಗೇ ಮಂಡಿಯೂರಿದ ಜನ. ಸಾಯುವವರ ಮನೆ ಚಿತ್ರದಲ್ಲಿಲ್ಲ. ಆದರೆ ಒಬ್ಬ ಮುದುಕ ನೋಡುವವರ ಕಡೆಗೇ ತಿರುಗಿದ್ದಾನೆ, ಆ ಮನೆ ನಮ್ಮ ಬೆನ್ನ ಹಿಂದೆ ಇದೆಯೆನ್ನುವ ಹಾಗೆ. ನಾನು ಹಿಂದಿರುಗಿ ನೋಡಿಯೂ ಬಿಟ್ಟೆ. ಇನ್ನೊಂದರಲ್ಲಿ ಒಣಗಿದ ಹೊಲದ ನಡುವೆ ಸಂತನ ಮೂರ್ತಿ ಹೊತ್ತು ಮಳೆ ಬೇಡುವವರು. ಮತ್ತೊಂದರಲ್ಲಿ ಕೂಸಿನ ತಲೆಗೆ ನೀರೆರೆಯುವ ದೀಕ್ಷಾಸ್ನಾನ, ಪಾದ್ರಿಯ ಮೇಲಂಗಿಯ ಕಸೂತಿಯನ್ನು ಒಂದೊಂದೇ ಎಳೆ ಎಣಿಸುವ ಹಾಗೆ ಚಿತ್ರಕಾರ ಬರೆದಿದ್ದ. ಕೈಕೆಲಸ ಬಲ್ಲವರ ಮೇಲೆ ನನಗೆ ಹೊಟ್ಟೆಕಿಚ್ಚು ಬರುತ್ತದೆ; ಬಂತು. ಈ ಚಿತ್ರಕಾರರು ದೇವರನ್ನು ಬರೆಯಲಿಲ್ಲ, ದೇವರ ಮುಂದೆ ನಿಂತ ಜನರ ಚಪ್ಪಲಿ, ಕೆಮ್ಮು, ಆಕಳಿಕೆ ಬರೆದರು. ಅದಕ್ಕೇ ಭಯವಾಗುತ್ತದೆ. ಅಷ್ಟೂ ಜನ ಸತ್ತು ನೂರು ವರ್ಷ ದಾಟಿದರೂ ಇನ್ನೂ ಪೂಜೆ ಮುಗಿಯಲಿ ಎಂದು ಕಾಯುತ್ತಿದ್ದಾರೆ.

ಸಂಜೆ ಕೊನೆಯ ಕೋಣೆ ತೆರೆಯಿತು. ಎದುರಿನ ಗೋಡೆಗೆ ನನ್ನ ಚಿತ್ರ, ಅಂದರೆ ನಾನು ಕದ್ದ ಚಿತ್ರ. ಅದರ ಕೆಳಗೇ ನಮ್ಮ ತೊಟ್ಟಿಲು, ತೊಟ್ಟಿಲಲ್ಲಿ ಕೆಂಪು ಕುಂಚಿಗೆ. ಚಿತ್ರ ಗೋಡೆಯಷ್ಟಿತ್ತು. ಫೋನಿನಲ್ಲಿ ಉಗುರಿನಷ್ಟು ಕಂಡಿದ್ದ ಕೂಸು ಇಲ್ಲಿ ನಿಜವಾದ ಕೂಸಿನಷ್ಟಿತ್ತು. ಅದರ ಬಣ್ಣ ನೋಡಿದೆ. ಆ ಬೂದಿ ಬೆರೆತ ಹಳದಿ ಬಣ್ಣವನ್ನು ಯಾರೂ ಬದುಕಿದ ಕೂಸಿನ ಕೆನ್ನೆಗೆ ಹಚ್ಚುವುದಿಲ್ಲ. ಕಣ್ಣು ಅರ್ಧ ತೆರೆದಿತ್ತು, ನೋಟವಿರಲಿಲ್ಲ.

"ಪಿಲಾರ್, ಇದು ಯಾವ ಶಾಸ್ತ್ರ?" ಎಂದೆ.

"ಸತ್ತ ಕೂಸಿಗೆ ಮಾಡುತ್ತಿದ್ದದ್ದು" ಎಂದಳು ಅವಳು, ಎಲ್ಲರಿಗೂ ಗೊತ್ತಿರುವ ಮಾತೆಂಬಂತೆ. ದೀಕ್ಷಾಸ್ನಾನವಾದ ಕೂಸು ಪಾಪವಿಲ್ಲದ್ದು, ಸತ್ತರೆ ನೇರವಾಗಿ ಸ್ವರ್ಗಕ್ಕೆ ಹೋಗಿ ದೇವದೂತನಾಗುತ್ತದೆ. ಅದಕ್ಕೆ ಅಳಬಾರದು. ಅತ್ತರೆ ಅದರ ರೆಕ್ಕೆ ನೆನೆದು ಹಾರಲಾಗುವುದಿಲ್ಲ. ನೆರೆಹೊರೆಯವರು ಸೇರಿ ಹಾಡಿ ಕುಣಿದು ಕಳಿಸಬೇಕು. ಪಾದ್ರಿಗಳೇ ಇದೆಲ್ಲ ಬೇಡವೆನ್ನುತ್ತಿದ್ದರಂತೆ, ಜನ ಕೇಳುತ್ತಿರಲಿಲ್ಲ.

ಕಲಘಟಗಿಯಲ್ಲಿ, ಗಂಗಾಳ ಕೂಸಿನ ತಲೆಯ ಹತ್ತಿರ, ನಾನೇ ಹೆಣ ಬರೆದಿಟ್ಟು ಬಂದಿದ್ದೆ. ಅದೂ ಮೊದಲನೆಯದನ್ನು ಕಳೆದುಕೊಂಡವಳ ಕೂಸಿಗೆ. ನಾಳೆ ಬೆಳಗಾದರೆ ತಮ್ಮ ಅದಕ್ಕೆ ಕಣ್ಣು ಬರೆಯುತ್ತಾನೆ.

ಹಿಡಿದುಕೊಳ್ಳಲು ಏನಾದರೂ ಬೇಕೆಂದು ಎಡಕ್ಕೆ ತಿರುಗಿದೆ. ಆಗ ಅವಳು ಕಂಡಳು. ಚಿತ್ರದ ಎಡಮೂಲೆಯಲ್ಲಿ, ಕುಣಿತಕ್ಕೆ ಬೆನ್ನು ತಿರುಗಿಸಿ ಕೂತ ಹೆಂಗಸು. ಹಸಿರು ಲಂಗ, ತಲೆಯ ಮೇಲೆ ಎಳೆದ ಕರಿ ಬಟ್ಟೆ. ಮಡಿಲಲ್ಲಿ ಎರಡು ಕೈ, ಅಂಗೈ ಮೇಲ್ಮುಖ.

"ಇವಳು ಫೋಟೋದಲ್ಲಿ ಇರಲಿಲ್ಲ" ಎಂದೆ.

"ಇರಲಿಲ್ಲ. ನಮಗೂ ಗೊತ್ತಿರಲಿಲ್ಲ" ಎಂದಳು ಪಿಲಾರ್. ಚಿತ್ರ ಬಹಳ ವರ್ಷ ಚರ್ಚಿನ ಪಕ್ಕದ ಕೋಣೆಯಲ್ಲಿತ್ತು. ಮೇಣದ ಹೊಗೆ, ಹಳೆಯ ವಾರ್ನಿಶು ಸೇರಿ ಆ ಮೂಲೆ ಕಪ್ಪಾಗಿತ್ತು. ಪ್ರದರ್ಶನಕ್ಕೆಂದು ತೊಳೆಸಿದಾಗ, ನನ್ನ ಟಿಕೀಟು ಆದಮೇಲೆ, ಈ ಹೆಂಗಸು ಹೊರಬಂದಳಂತೆ. "ತಾಯಿ. ಅವಳೊಬ್ಬಳೇ ಸಂಭ್ರಮದಲ್ಲಿಲ್ಲ, ನೋಡಿ."

ನಾನು ಫೋನು ತೆಗೆದು ನನ್ನ ಹಲಗೆಯ ಚಿತ್ರ ತೋರಿಸಿದೆ. ಪಿಲಾರ್ ಬಹಳ ಹೊತ್ತು ನೋಡಿದಳು. ಫೋನನ್ನೊಮ್ಮೆ, ಗೋಡೆಯನ್ನೊಮ್ಮೆ. ಬಾಯಲ್ಲಿದ್ದ ಹಚ್ಚದ ಸಿಗರೇಟು ಕೆಳಗೆ ಬಿತ್ತು.

"ಇದನ್ನು ಯಾವಾಗ ಬರೆದಿರಿ?"

"ಚಳಿಗಾಲದಲ್ಲಿ. ನೀವು ತೊಳೆಸುವ ಮೊದಲು."

ಆ ಕೋಣೆಯಲ್ಲಿ ನಿಲ್ಲಲು ಅವಳಿಗೂ ಆಗಲಿಲ್ಲ. ದೀಪ ಆರಿಸಲು ಕೈ ಚಾಚಿದವಳು ಹಾಗೇ ಬಿಟ್ಟು ಬಂದಳು.

ಬೆಳಗಿನ ಫೋನು

ಸಂಜೆಯೇ ಈರಣ್ಣನಿಗೆ ಫೋನು ಮಾಡಿದೆ. ಅಲ್ಲಿ ಎಲ್ಲರೂ ಮಲಗಿದ ಹೊತ್ತು. ಅವನು ಫೋನನ್ನು ಕಾರ್ಖಾನೆಯ ಬಣ್ಣದ ಡಬ್ಬಿಗಳ ಮಧ್ಯೆ ಬಿಟ್ಟು ಮಲಗುವ ಮನುಷ್ಯ. ಮತ್ತೆ ಮತ್ತೆ ಮಾಡಿದೆ, ಅದು ಬಡಿದುಕೊಂಡೇ ಇತ್ತು. ಇಲ್ಲಿ ಬೆಳಕು ಹರಿಯುವಾಗ ಅವನೇ ಮಾಡಿದ. ಹಿಂದೆ ಹೆಂಗಸರ ಗದ್ದಲ, ತಟ್ಟೆಗಳ ಸದ್ದು.

"ಅಕ್ಕಾ, ಕೂಸಿನ್ನ ತೊಟ್ಟಲಾಗ ಹಾಕಿ ಆತು. ನೀ ಇರಬೇಕಿತ್ತ ನೋಡು!"

"ಈರ್ಯಾ, ಕಣ್ಣ ಬರದೇನು?"

"ಮುಂಜಾನೆ ಜಳಕಾ ಮಾಡಿ ಬರದೆ. ಅಗದಿ ಚಂದ ಆಗೇತಿ. ಯಾಕ?"

ಹೇಳಿದೆ. ಆ ಕಡೆ ಸದ್ದು ದೂರವಾಯಿತು. ಅವನು ಹಿತ್ತಲಿಗೆ ಬಂದಿರಬೇಕು.

"ಏನ ಮಾಡಿ ಇಟ್ಟಿ ಅಕ್ಕಾ ನೀ?" ಎಂದ. ಬೈಗುಳ ಬಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಅಷ್ಟೇ ಅಂದ.

"ಹಲಗಿ ಬಿಚ್ಚಿ ಕೆತ್ತಿ ತಗಿ."

"ಕಣ್ಣ ಬರದ್ಮ್ಯಾಲ ಹ್ಯಾಂಗ ಕೆತ್ತಲಿ? ನಮ್ಮಪ್ಪ ಒಮ್ಮೇರ ಕೆತ್ತಿದ್ದೇನು? ಮ್ಯಾಲ ಟಾವೆಲ್ ಹಾಕ್ತೀನಿ. ಗಂಗಾಗ ಹೇಳೂದು ಬ್ಯಾಡ. ನೀ ಬಾ, ಆಮ್ಯಾಲ ನೋಡೂಣು."

ಅವತ್ತು ಮಧ್ಯಾಹ್ನ ಮ್ಯಾಡ್ರಿಡ್‌ನಿಂದ ಯಾರೋ ಚಿತ್ರ ಬಲ್ಲವರು ಬಂದರು, ನಮ್ಮ ತೊಟ್ಟಿಲಿನ ಅರಗಿನ ಬಣ್ಣಗಳ ಬಗ್ಗೆ ಕೇಳಿದರು, ನಾನು ಏನೋ ಹೇಳಿದೆ. ಸಂಜೆಗೆ ಈರಣ್ಣ ಮತ್ತೆ ಫೋನು ಮಾಡಿದ. ಕೂಸಿನ ಮೈ ಬೆಚ್ಚಗಾಗಿದೆ, ಹಾಲು ಕುಡಿಯುತ್ತಿಲ್ಲ, ಹುಬ್ಬಳ್ಳಿಗೆ ಒಯ್ಯುತ್ತಿದ್ದೇವೆ ಎಂದ.

ನಿಂಬೆಹಣ್ಣು

ಜೀವನವಿಡೀ ಮಕ್ಕಳಿಗೆ ಇಂಥದನ್ನೆಲ್ಲ ನಂಬಬೇಡಿ ಎಂದು ಹೇಳಿದವಳು ನಾನು. ಆ ಸಂಜೆ ಓಡಿದೆ, ಓಡಿದೆನೆಂದೇ ಬರೆಯುತ್ತೇನೆ, ಚಪ್ಪಲಿ ಕೈಯಲ್ಲಿ ಹಿಡಿದು ಕಲ್ಲುಹಾಸಿನ ಏರಿನಲ್ಲಿ. ಕೂಸಿನ ಬದಲಿಗೆ ಮಲಗಿಸಿದ ಕಲ್ಲನ್ನು ಆ ಹೆಣದ ಚಿತ್ರದ ಕೆಳಗಿನಿಂದ ಎತ್ತಬೇಕು. ಬೇರೇನೂ ತಲೆಯಲ್ಲಿರಲಿಲ್ಲ. ಪಿಲಾರ್ ಬೀಗದ ಕೈ ಹಿಡಿದು ಹಿಂದೆಯೇ ಓಡಿ ಬಂದಳು, ಯಾಕೆಂದು ಕೇಳಲಿಲ್ಲ.

ಕೊನೆಯ ಕೋಣೆಯ ದೀಪ ಉರಿಯುತ್ತಲೇ ಇತ್ತು. ತೊಟ್ಟಿಲಲ್ಲಿ, ಕುಂಚಿಗೆಯ ಸುತ್ತ, ಯಾರೋ ಸಕ್ಕರೆ ಸವರಿದ ಬಾದಾಮಿಗಳನ್ನು ಇಟ್ಟಿದ್ದರು. ಕಸ ಗುಡಿಸುವ ಮುದುಕಿ ಇಟ್ಟಿರಬಹುದು ಎಂದಳು ಪಿಲಾರ್. ದೀಕ್ಷಾಸ್ನಾನದ ದಿನ ಹಂಚುವ ಸಿಹಿಯಂತೆ ಅದು. ನಾನು ಕಲ್ಲನ್ನು ಎದೆಗೆ ಎತ್ತಿಕೊಂಡೆ. ಕರಿಗಲ್ಲು ತಣ್ಣಗಿರಬೇಕು. ದೀಪದ ಕಾವಿಗೋ ಏನೋ, ಬೆಚ್ಚಗಿತ್ತು.

ಈಗ ತೊಟ್ಟಿಲು ಖಾಲಿಯಾಯಿತು. ಎತ್ತಿದ ಎಳೆತಕ್ಕೆ ಅದು ಮೆಲ್ಲಗೆ ತೂಗತೊಡಗಿತು, ಆಚೆ ಈಚೆ. ನಾನು ಕಿರುಚಿದೆ. ಪಿಲಾರ್ ಎರಡೂ ಕೈಯಿಂದ ತೊಟ್ಟಿಲನ್ನು ಹಿಡಿದು ನಿಲ್ಲಿಸಿದಳು. ಆಮೇಲೆ ತನ್ನ ಚೀಲದಿಂದ ಹಿತ್ತಲಿನ ಗಿಡದ ನಿಂಬೆಹಣ್ಣೊಂದನ್ನು ತೆಗೆದಳು. ಅಲ್ಲಿಯ ನಿಂಬೆ ನಮ್ಮ ಮಾದಲ ಹಣ್ಣಿನಷ್ಟು ದಪ್ಪ. ಅದನ್ನು ಕಲ್ಲಿದ್ದ ಜಾಗದಲ್ಲಿ ಮಲಗಿಸಿ, "ಇದು ಆದೀತೇ?" ಎಂದು ನನ್ನ ಮುಖ ನೋಡಿದಳು.

ನಿಂಬೆಹಣ್ಣಿಗೆ ನಮ್ಮಲ್ಲಿ ಎಷ್ಟು ಕೆಲಸವಿದೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು. ಅಳುವಿನ ನಡುವೆ ನಗು ಬಂತು. ಆಗುತ್ತದೆ ಎಂದೆ.

ಹೊರಡುವ ಮೊದಲು ಮೂಲೆಯ ಹೆಂಗಸಿನ ಕಡೆಗೆ ಒಮ್ಮೆ ನೋಡಿದೆ. ಅವಳ ಕಾಲ ಬಳಿ ನೆಲದ ಮೇಲೆ ಸಣ್ಣದೊಂದು ಕುಲಾಯಿ ಬಿದ್ದಿದೆ. ಮೊದಲ ದಿನ ನಾನು ಅದನ್ನು ನೋಡಿರಲಿಲ್ಲ.

ಮರುದಿನ ಜ್ವರ ಇಳಿಯಿತೆಂದು ಸುದ್ದಿ ಬಂತು. ಹಾಲು ಕುಡಿದಿತ್ತಂತೆ. ಡಾಕ್ಟರರು ಶೀತ ಎಂದರಂತೆ.

ಕಲಘಟಗಿ

ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುವಾಗ ಗಂಗಾಳಿಗೆ ಏನು ಹೇಳಬೇಕೆಂದು ಜೋಡಿಸಿಕೊಂಡೆ. ಹಲಗೆ ಬಿಚ್ಚಿ ಸುಡುವುದು, ಅವಳ ಕಾಲು ಹಿಡಿಯುವುದು. ಈರಣ್ಣ ಬಾಗಿಲಲ್ಲೇ ಎದುರಾಗಿ, "ಟಾವೆಲ್ ತಗದಾಳ ಅಕ್ಕಾ. ಯಾವಾಗ ತಗದಾಳೋ ಗೊತ್ತಿಲ್ಲ" ಎಂದು ಪಿಸುಗುಟ್ಟಿದ.

ಬಾಣಂತಿ ಖೋಲಿಯಲ್ಲಿ ಲೋಬಾನದ ಹೊಗೆ ಇನ್ನೂ ನಿಂತಿತ್ತು. ಕೂಸು ತೊಟ್ಟಿಲಲ್ಲಿ ಕಾಲು ಝಾಡಿಸುತ್ತಿತ್ತು, ಗುಂಡಗೆ, ಕೆಂಪಗೆ. ಅದರ ತಲೆಯ ಕಡೆ ನನ್ನ ಹಲಗೆ ಬಯಲಾಗಿತ್ತು. ಈರಣ್ಣ ಬರೆದ ಕಣ್ಣು ಅರಳಿ ನೋಡುತ್ತಿದ್ದವು.

"ಗಂಗಾ, ಆ ಹಲಗಿ ಬಿಚ್ಚೂಣವಾ" ಎಂದೆ. ಜೋಡಿಸಿಕೊಂಡ ಮಾತೆಲ್ಲ ಅಷ್ಟಕ್ಕೇ ಮುಗಿಯಿತು.

"ಯಾಕ್ರಿ ಅತ್ತಿ?" ಎಂದಳು. "ಅಪ್ಪ ಮ್ಯಾಲ ಟಾವೆಲ್ ಹಾಕಿದ್ದ. ಆಕಿಗೆ ಉಸುರು ಕಟ್ಟಂಗಿಲ್ಲೇನ್ರಿ ಅಂತ ನಾನ ತಗದೆ."

"ಯಾರಿಗೆ?"

ಅವಳು ಎಡಮೂಲೆಯ ಹಸಿರು ಸೀರೆಯವಳ ಮೇಲೆ ಬೆರಳಿಟ್ಟಳು. "ಈಕಿ ನಾನ ಅಲ್ಲೇನ್ರಿ? ಅವತ್ತ ಅದನ್ನ ನನ್ನ ಮಡಲಾಗಿಂದ ಎತಕೊಂಡ ಹೋದ್ಮ್ಯಾಲ ನನ್ನ ಕೈ ಹಿಂಗ ಇದ್ದುವು. ಎಲ್ಲಾರೂ ಅಡಗಿ ಮನ್ಯಾಗ ಇದ್ರು. ನೀವ ಒಬ್ಬರ ಬಾಗಲದಾಗ ನಿಂತ ನೋಡಿದ್ರಿ."

ನೋಡಿದ್ದೆ. ನೋಡಿ ಸೀರೆ ಸೆರಗು ಸರಿಮಾಡಿಕೊಂಡು ಅಡಿಗೆಮನೆಗೆ ಹೋಗಿದ್ದೆ. ನನ್ನ ಕೈಗೆ ನೆನಪಿತ್ತು, ನನಗಿರಲಿಲ್ಲ. ಸ್ಪೇನಿನ ಹೆಂಗಸಿನ ಲೆಕ್ಕ ಮಾತ್ರ ಇವತ್ತಿಗೂ ನನಗೆ ಹತ್ತಿಲ್ಲ.

"ಯಾರೂ ಅದರ ಸುದ್ದಿ ತಗೀಲಿಲ್ರಿ" ಎಂದಳು ಗಂಗಾ. "ನೀವು ಬರದ್ರಿ. ಅದಕೂ ಒಂದ ತೊಟ್ಟಲಾ ಆತು. ಇರಲಿ ಬಿಡ್ರಿ."

ನಾನು ಅವಳಿಗೆ ನಿಜ ಹೇಳಬೇಕಿತ್ತು, ನನಗೇನೂ ತಿಳಿಯದೆ ಬರೆದೆನೆಂದು. ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ.

"ಕುಂಚಿಗಿ ತಂದೀರೇನ್ರಿ?"

ಚೀಲದಿಂದ ಕಲ್ಲನ್ನು ತೆಗೆದು ಕೊಟ್ಟೆ. ಅವಳು ಲಾಡಿ ಬಿಚ್ಚಲಿಲ್ಲ. ಮಡಿಲಲ್ಲಿಟ್ಟುಕೊಂಡು, ಬಗ್ಗಿ ಅದರ ನೆತ್ತಿ ಮೂಸಿದಳು. ಮೆರವಣಿಗೆಯ ಮೇಣದ ವಾಸನೆ ಅದಕ್ಕೆ ಇನ್ನೂ ಇತ್ತು.

"ಇದು ಅದರದ್ರಿ ಅತ್ತಿ. ನಾನ ಹೊಲದಿದ್ದೆ. ಒಂದ ಸಲ ಹಾಕಿದ್ದೆ ಅಷ್ಟ. ಹೊಸ್ತಲಾ ದಾಟಿ ಎಲ್ಲೂ ಹೋಗಲಿಲ್ಲ ಅದು, ಹೊಲಕ್ಕ ಬಿಟ್ರ. ಅದಕ್ಕ ನಿಮ್ಮ ಜೋಡಿ ಕಳಿಸಿದೆ."

ನನಗೆ ಆ ತಪಾಸಣೆಯವನ ಅಂಗೈ ನೆನಪಾಯಿತು. ಕುಂಚಿಗೆಯ ಮಡಿಕೆಯಲ್ಲಿ ಬೆರಳಾಡಿಸಿ ಪೆಪ್ಪರಮೆಂಟು ತೆಗೆದೆ. ಕಾಗದ ಸ್ವಲ್ಪ ಅಂಟಾಗಿತ್ತು.

"ಇದು ಅದರ ಪಾಲಿಂದು" ಎಂದೆ. "ಅಲ್ಲಿಯವರು ಬೆರಳ ಮಾಡಿ ತೋರಿಸಿ ಕೊಟ್ರು."

ಗಂಗಾ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡಳು. ಅಳುತ್ತಾಳೆಂದುಕೊಂಡೆ. ಈ ಸಲ ಅಳಬೇಡ ಎನ್ನಬಾರದು ಎಂದೂ ಗಟ್ಟಿಮಾಡಿಕೊಂಡೆ. ಅವಳು ಮೆಲ್ಲಗೆ ಅತ್ತಳು, ಬಹಳ ಹೊತ್ತು. ನಾನು ತೊಟ್ಟಿಲು ತೂಗುತ್ತ ಕೂತೆ. ಆಮೇಲೆ ಮೂಗು ಒರೆಸಿಕೊಂಡು, ಕಲ್ಲನ್ನು ತೊಡೆಯ ಮೇಲೆ ನೆಟ್ಟಗೆ ಮಾಡಿ, ನನ್ನ ಕಡೆಗೆ ತಿರುಗಿಸಿದಳು.

"ಏನೇನ ನೋಡ್ತು ಹೇಳ್ರಿ ಅತ್ತಿ. ಮದಲಿಂದ ಹೇಳ್ರಿ."

ನಾನು ಅವಳ ಹತ್ತಿರ ಸರಿದು ಕೂತೆ.

"ವಿಮಾನದಿಂದ ಇಳದ ಕೂಡಲೇ ಅಲ್ಲಿ ಪೊಲೀಸಪ್ಪ ಒಬ್ಬಾಂವ ತಡದ ನೋಡವಾ, ನಿನ್ನ ಮಗನ್ನ" ಎಂದು ಶುರು ಮಾಡಿದೆ.